ಕಿಟಕಿ ನಮ್ಮದು, ಗೋಡೆ ಎಲ್ಲರದು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಕಿಟಕಿಯ ಬಗ್ಗೆಯೇ ಇವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಹೀಗೆ ಒಂದೇ ಜಿಲ್ಲೆಯ ನಾಲ್ಕು ಊರುಗಳಿಂದ ಬಂದವು. ಅವುಗಳಲ್ಲಿ ಚನ್ನಗಿರಿಯ ಸಹೋದರಿಯ ಪತ್ರ ಉದ್ದವಾದದ್ದು, ನೋವಿನದ್ದು. ಮೊದಲು ಅದನ್ನೇ ತೆಗೆದುಕೊಳ್ಳೋಣ.

ಊರಿನ ಹಳೆಯ ಮನೆಯಲ್ಲಿ ತಮಗೆ ಬಂದ ಪಾಲನ್ನು ಮಾರಿ, ತಮ್ಮ ಒಡವೆಯ ಹಣವನ್ನೂ ಸೇರಿಸಿ ಅವರು ಆರು ವರ್ಷಗಳ ಹಿಂದೆ ದಾವಣಗೆರೆಯಲ್ಲಿ ಒಂದು ಫ್ಲ್ಯಾಟ್ ಕೊಂಡರು. ಮನೆ ಅವರ ಹೆಸರಿನಲ್ಲೇ ಇದೆ. ಅಡುಗೆಮನೆಯ ಮತ್ತು ಮಗಳ ಕೋಣೆಯ ಕಿಟಕಿಗಳು ಅಲ್ಯುಮಿನಿಯಂ ಸ್ಲೈಡಿಂಗ್. ಮಳೆಗಾಲದಲ್ಲಿ ನೀರು ಒಳಗೆ ಇಳಿಯುತ್ತದೆ, ಬೇಸಿಗೆಯಲ್ಲಿ ಧೂಳು ನುಗ್ಗುತ್ತದೆ, ಮಗಳಿಗೆ ಉಬ್ಬಸ. ಎದುರಿನ ಬ್ಲಾಕಿನ ಬಾಲ್ಕನಿಯಲ್ಲಿ ನಿಂತವರಿಗೆ ಇವರ ಅಡುಗೆಮನೆ ನೇರವಾಗಿ ಕಾಣುತ್ತದೆ. ಪರದೆ ಎಳೆದರೆ ಗಾಳಿ ಇಲ್ಲ, ಸರಿಸಿದರೆ ತಲೆಯ ಮೇಲಿನ ದುಪಟ್ಟಾ ತೆಗೆಯುವಂತಿಲ್ಲ. ಕೊನೆಗೆ ಹಣ ಹೊಂದಿಸಿ, ಬಾಗಿಲಿನಂತೆ ತೆರೆಯುವ ಮಸುಕು ಗಾಜಿನ ಕಿಟಕಿ ಮಾಡಿಸಲು ಮುಂಗಡ ಕೊಟ್ಟರು. ಕೆಲಸದವರು ಬಂದು ಒಂದು ಕಿಟಕಿ ಕಿತ್ತದ್ದೇ ತಡ, ಅಸೋಸಿಯೇಶನ್ನಿನ ಕಾರ್ಯದರ್ಶಿ ಬಂದು ಕೆಲಸ ನಿಲ್ಲಿಸಿದರು. ಈಗ ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಕಟ್ಟಿದ್ದಾರೆ. "ನಮ್ಮ ದುಡ್ಡಿನ ಮನೆ, ಇವರ ಅಪ್ಪಣೆ ಯಾಕೆ" ಎಂದು ಯಜಮಾನರ ಸಿಟ್ಟು. "ನಾವು ಮುಸ್ಲಿಮರು, ಅದಕ್ಕೇ ಹೀಗೆ" ಎಂದು ಅತ್ತೆಯವರ ಮಾತು. "ನೀವೇ ಹೇಳಿ ಆಪಾ, ನಮ್ಮ ಮನೆಯ ಕಿಟಕಿ ಬದಲಿಸಲು ಊರೆಲ್ಲ ಕೇಳಬೇಕೇ?" ಎಂದು ಸಹೋದರಿ ಬರೆದಿದ್ದಾರೆ.

ಊರೆಲ್ಲ ಕೇಳಬೇಕಾಗಿಲ್ಲ, ಸಹೋದರಿ. ಆದರೆ ಆ ಕಟ್ಟಡದವರನ್ನು ಕೇಳಬೇಕು. ಕಾರಣ ತಿಳಿದರೆ ಸಿಟ್ಟು ಅರ್ಧ ಇಳಿಯುತ್ತದೆ.

ಚನ್ನಗಿರಿಯ ಮನೆಯಲ್ಲಿ ನೆಲ, ಗೋಡೆ, ಮಾಡು ಎಲ್ಲ ನಿಮ್ಮದೇ ಆಗಿತ್ತು. ಫ್ಲ್ಯಾಟ್ ಹಾಗಲ್ಲ. ನಾಲ್ಕು ಗೋಡೆಗಳ ಒಳಗಿನ ಜಾಗ ನಿಮ್ಮದು. ನೆಲ, ಅಡಿಪಾಯ, ಕಂಬ, ಮುಖ್ಯ ಗೋಡೆ, ಮೆಟ್ಟಿಲು, ಮೇಲಿನ ತಾರಸಿ ಎಲ್ಲರ ಸೊತ್ತು, ಅದರಲ್ಲಿ ನಿಮಗೆ ಒಂದು ಪಾಲು. ನಮ್ಮ ರಾಜ್ಯದಲ್ಲಿ ಇದಕ್ಕೆಂದೇ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಇದೆ. ಕಟ್ಟಡದ ಭದ್ರತೆಗೆ ಧಕ್ಕೆ ತರುವ, ಅದರ ಬೆಲೆ ಇಳಿಸುವ ಕೆಲಸವನ್ನು ಉಳಿದೆಲ್ಲ ಮಾಲೀಕರ ಒಪ್ಪಿಗೆ ಇಲ್ಲದೆ ಯಾರೂ ಮಾಡಬಾರದು ಎಂದು ಅದು ಹೇಳುತ್ತದೆ. ಕಿಟಕಿ ಈ ಎರಡರ ನಡುವೆ ನಿಂತ ವಸ್ತು. ಅದರ ಒಳಮೈ ನಿಮ್ಮ ಕೋಣೆಗೆ ಸೇರಿದ್ದು, ಹೊರಮೈ ಕಟ್ಟಡದ ಮುಖಕ್ಕೆ ಸೇರಿದ್ದು.

ಈ ಕಾಯ್ದೆಯಡಿ ನೋಂದಣಿಯಾದ ಕಟ್ಟಡಗಳ ಬೈಲಾಗಳಲ್ಲಿ ಸಾಮಾನ್ಯವಾಗಿ ಎರಡು ಮಾತು ಇರುತ್ತವೆ. ಮನೆಯ ಬಾಗಿಲು, ಕಿಟಕಿಗಳ ದುರಸ್ತಿಯ ಖರ್ಚು ಆಯಾ ಮಾಲೀಕರದ್ದು ಎಂಬುದು ಒಂದು. ರಚನೆಯಲ್ಲಿ ಬದಲಾವಣೆ ಮಾಡುವ ಮೊದಲು ಅಸೋಸಿಯೇಶನ್‌ಗೆ ಲಿಖಿತವಾಗಿ ತಿಳಿಸಬೇಕು, ಅವರು ಮೂವತ್ತು ದಿನಗಳೊಳಗೆ ಉತ್ತರಿಸಬೇಕು, ಉತ್ತರಿಸದಿದ್ದರೆ ಆಕ್ಷೇಪವಿಲ್ಲ ಎಂದೇ ಅರ್ಥ ಎಂಬುದು ಇನ್ನೊಂದು. ಇದನ್ನು ಎರಡು ಸಲ ಓದಿ. ಕೇಳುವ ಹೊಣೆ ನಿಮ್ಮ ಮೇಲಿದ್ದಂತೆ ಉತ್ತರಿಸುವ ಹೊಣೆ ಅವರ ಮೇಲೂ ಇದೆ. "ಮುಂದಿನ ಮೀಟಿಂಗಿನಲ್ಲಿ ನೋಡೋಣ" ಎಂದು ಆರು ತಿಂಗಳು ತಳ್ಳುವಂತಿಲ್ಲ. ನಿಮ್ಮ ಕಟ್ಟಡದ ಬೈಲಾದಲ್ಲಿ ಏನಿದೆಯೋ ಅದೇ ನಿಮಗೆ ಅನ್ವಯ, ಆದ್ದರಿಂದ ಅದರ ಪ್ರತಿಯನ್ನು ಕೇಳಿ ಪಡೆಯಿರಿ. ಮನೆ ಕೊಳ್ಳುವಾಗ ಕೊಟ್ಟ ಕಾಗದಗಳ ಕಟ್ಟಿನಲ್ಲೇ ಅದು ಇದ್ದೀತು. ಎಷ್ಟೋ ಮನೆಗಳಲ್ಲಿ ಆ ಕಟ್ಟು ಬೀರುವಿನ ತಳ ಸೇರಿದ್ದು ಮತ್ತೆ ಹೊರಬಂದಿಲ್ಲ! ಕೆಲವು ಅಸೋಸಿಯೇಶನ್‌ಗಳು 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಇರುತ್ತವೆ. ಅಲ್ಲಿ ಬೈಲಾ ಬೇರೆ ರೀತಿ ಇರಬಹುದು.

ಇನ್ನು ಕೇಳುವುದರಲ್ಲಿ ಅವಮಾನವೇನಿದೆ? ಅನುಮತಿ ಕೇಳುವುದನ್ನು ನಮಗೆ ಕಲಿಸಿದ್ದೇ ನಮ್ಮ ದೀನ್. ಪವಿತ್ರ ಕುರ್‌ಆನಿನ ಅನ್ನೂರ್ ಅಧ್ಯಾಯವು ಇತರರ ಮನೆಗೆ ಅನುಮತಿ ಪಡೆಯದೆ, ಸಲಾಮ್ ಹೇಳದೆ ಪ್ರವೇಶಿಸಬಾರದು ಎಂದು ಆದೇಶಿಸುತ್ತದೆ. ಮರಳಿ ಹೋಗಿ ಎಂದರೆ ಮುನಿಸಿಲ್ಲದೆ ಮರಳುವುದೇ ಹೆಚ್ಚು ಪರಿಶುದ್ಧವಾದ ನಡತೆ ಎನ್ನುತ್ತದೆ. ಬಾಗಿಲ ಸಂದಿಯಿಂದ ಇಣುಕಿದ ವ್ಯಕ್ತಿಯನ್ನು ಪ್ರವಾದಿವರ್ಯರು(ಸ) ಬಲವಾಗಿ ಎಚ್ಚರಿಸಿ, ಅನುಮತಿಯ ನಿಯಮ ಇರುವುದೇ ದೃಷ್ಟಿಯ ಕಾರಣಕ್ಕೆ ಎಂದು ತಿಳಿಸಿದ ಘಟನೆ ಬುಖಾರಿಯಲ್ಲಿದೆ. ನೆರೆಯವನು ತನ್ನ ಗೋಡೆಗೆ ಮರದ ತೊಲೆ ಊರುವುದನ್ನು ಯಾರೂ ತಡೆಯಬಾರದು ಎಂಬ ಉಪದೇಶವನ್ನು ಅಬೂ ಹುರೈರಾ(ರ) ವರದಿ ಮಾಡಿದ್ದಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಕೇಳುವವರಿಗೆ, ಇನ್ನೊಂದು ಒಪ್ಪಿಗೆ ಕೊಡಬೇಕಾದವರಿಗೆ.

ಕಿಟಕಿಯ ಜಗಳ ಹೊಸದೂ ಅಲ್ಲ. 1869ರಿಂದ 1876ರ ನಡುವೆ ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಹನಫೀ ಫಿಕ್‌ಹ್‌ನ ಆಧಾರದಲ್ಲಿ "ಮಜಲ್ಲಾ" ಎಂಬ ಕಾನೂನು ಸಂಹಿತೆಯನ್ನು ರೂಪಿಸಿದರು. ಅದರ 1202ನೇ ಕಲಮು ಪೂರ್ತಿ ಕಿಟಕಿಯ ಬಗ್ಗೆಯೇ. ಅಡುಗೆಮನೆ, ಬಾವಿಕಟ್ಟೆ, ಅಂಗಳ ಹೀಗೆ ಹೆಂಗಸರು ಓಡಾಡುವ ಜಾಗ ಕಾಣುವಂತೆ ಯಾರಾದರೂ ಹೊಸ ಕಿಟಕಿ ತೆರೆದರೆ ಅದು ದೊಡ್ಡ ತೊಂದರೆ, ಅದನ್ನು ನಿವಾರಿಸಲೇಬೇಕು. ಹೇಗೆ? ಅಡ್ಡ ಗೋಡೆ ಎತ್ತಿ ಅಥವಾ ಹಲಗೆಯ ಮರೆ ಕಟ್ಟಿ. ಆದರೆ ಕಿಟಕಿಯನ್ನೇ ಪೂರ್ತಿ ಮುಚ್ಚು ಎಂದು ಬಲವಂತ ಮಾಡುವಂತಿಲ್ಲ! ಮುಂದಿನ ಕಲಮು ಇನ್ನೂ ಸ್ವಾರಸ್ಯ. ಆಳೆತ್ತರಕ್ಕಿಂತ ಮೇಲಿರುವ ಕಿಟಕಿಯನ್ನು, "ಏಣಿ ಹಾಕಿಕೊಂಡು ನೋಡಿದರೆ?" ಎಂಬ ನೆಪ ತೆಗೆದು ಮುಚ್ಚಿಸುವಂತಿಲ್ಲ. ಅನುಮಾನದ ಪಕ್ಕದಮನೆಯವರು ಆ ಕಾಲದಲ್ಲೂ ಇದ್ದರು ಎಂದಾಯಿತು. ಗಾಳಿ ಬೆಳಕು ಒಬ್ಬರ ಹಕ್ಕು, ಮರೆ ಇನ್ನೊಬ್ಬರ ಹಕ್ಕು, ಎರಡೂ ಉಳಿಯುವ ದಾರಿ ಹುಡುಕು ಎನ್ನುವುದು ಆ ಕಾನೂನಿನ ಧಾಟಿ.

ನಮ್ಮ ದೇಶದ ನ್ಯಾಯಾಲಯಗಳೂ ಇದನ್ನು ಕಂಡಿವೆ. 1888ರಲ್ಲಿ ಅಲಹಾಬಾದ್ ಹೈಕೋರ್ಟು, ಹೊಸದಾಗಿ ಕಟ್ಟಿದ ಮನೆಯ ಬಾಗಿಲು ಮತ್ತು ವರಾಂಡದಿಂದ ಪಕ್ಕದ ಮನೆಯ ಹೆಂಗಸರ ಭಾಗ ಕಾಣುತ್ತದೆ ಎಂಬ ದಾವೆಯಲ್ಲಿ, ರೂಢಿಯಿಂದ ಬಂದ ಮರೆಯ ಹಕ್ಕನ್ನು ಒಪ್ಪಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಸಾರಿದ್ದು 2017ರ ಆಗಸ್ಟ್ 24ರಂದು. ಆ ಅರ್ಜಿ ಹಾಕಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಇತರರ ಮನೆಯೊಳಗೆ ಇಣುಕುವುದನ್ನು ಇಸ್ಲಾಮ್ ಕಟ್ಟುನಿಟ್ಟಾಗಿ ನಿಷೇಧಿಸಿದೆ ಎಂಬುದನ್ನು ನ್ಯಾಯಮೂರ್ತಿ ಬೋಬ್ಡೆಯವರು ಆ ತೀರ್ಪಿನಲ್ಲಿ ನೆನಪಿಸಿದ್ದಾರೆ. ಹಾಗಾಗಿ ನಿಮ್ಮ ಅರ್ಜಿಯಲ್ಲಿ "ಖಾಸಗಿತನಕ್ಕಾಗಿ ಮಸುಕು ಗಾಜು ಬೇಕು" ಎಂದು ಧೈರ್ಯವಾಗಿ ಬರೆಯಿರಿ. ಅದು ಮುಸ್ಲಿಮ್ ಹೆಣ್ಣುಮಕ್ಕಳಿಗೆ ಮಾತ್ರ ಬೇಕಾದ ವಿಶೇಷ ಸೌಲಭ್ಯವಲ್ಲ. ಎದುರಿನ ಬಾಲ್ಕನಿಯಿಂದ ಕಾಣುವ ಅಡುಗೆಮನೆ ಯಾವ ಹೆಂಗಸಿಗೂ ಇಷ್ಟವಾಗದು. ನಿಮ್ಮ ಮೇಲಿನ, ಕೆಳಗಿನ ಮನೆಯವರನ್ನು ಒಮ್ಮೆ ಕೇಳಿ ನೋಡಿ, ಅವರಿಗೂ ಇದೇ ತಾಪತ್ರಯ ಇದ್ದೀತು. ಮೂರು ಮನೆಯವರು ಒಂದೇ ಅರ್ಜಿಗೆ ಸಹಿ ಹಾಕಿದರೆ ಕಾರ್ಯದರ್ಶಿಗೂ ಹಗುರ.

ಈಗ ಅತ್ತೆಯವರ ಮಾತಿಗೆ ಬರೋಣ. ಅದನ್ನು ಸುಮ್ಮನೆ ತಳ್ಳಿಹಾಕುವುದು ನ್ಯಾಯವಲ್ಲ. ಹೆಸರು ಕೇಳಿದ ಕೂಡಲೇ "ಮನೆ ಬೇರೆಯವರಿಗೆ ಆಗಿಹೋಯಿತು" ಎಂಬ ಉತ್ತರವನ್ನು ನಮ್ಮಲ್ಲಿ ಅನೇಕರು ಕೇಳಿದ್ದೇವೆ. ಆ ಗಾಯ ಇದ್ದವರಿಗೆ ಪ್ರತಿಯೊಂದು "ಇಲ್ಲ"ವೂ ಅದೇ "ಇಲ್ಲ"ದಂತೆ ಕೇಳಿಸುತ್ತದೆ. ಆದರೆ ಕಿಟಕಿಯ ಬಣ್ಣ, ಆಕಾರದ ಬಗ್ಗೆ ಅಪಾರ್ಟ್‌ಮೆಂಟಿನವರು ತಕರಾರು ಮಾಡುವುದು ಎಲ್ಲ ಜಾತಿ ಧರ್ಮದವರಿಗೂ ಆಗುವ ಅನುಭವ. ಬಾಲ್ಕನಿಗೆ ಗ್ರಿಲ್ ಹಾಕಿದವರಿಗೂ, ಬಟ್ಟೆ ಒಣಗಿಸಲು ಹಗ್ಗ ಕಟ್ಟಿದವರಿಗೂ ನೋಟಿಸು ಬರುತ್ತದೆ. ಕಿಟಕಿಯಿಂದ ಬಟ್ಟೆ ನೇತುಹಾಕಬಾರದು, ಚಾಪೆ ಕೊಡವಬಾರದು ಎಂದು ಬೈಲಾದಲ್ಲೇ ಬರೆದಿಟ್ಟ ಕಟ್ಟಡಗಳಿವೆ.

ಹಾಗಾದರೆ ಇದು ನಿಯಮವೋ ಪಕ್ಷಪಾತವೋ ಎಂದು ತಿಳಿಯುವುದು ಹೇಗೆ? ಎರಡು ಪ್ರಶ್ನೆ ಕೇಳಿ, ಎರಡನ್ನೂ ಕಾಗದದಲ್ಲಿ ಕೇಳಿ. "ಯಾವ ನಿಯಮದ ಪ್ರಕಾರ ಬೇಡ ಎನ್ನುತ್ತಿದ್ದೀರಿ?" "ಈ ಹಿಂದೆ ಕಿಟಕಿ ಬದಲಿಸಿದ ಮನೆಗಳಿಗೆ ಏನು ಷರತ್ತು ಹಾಕಿದಿರಿ?" ಕೆಳಗೆ ನಿಂತು ಕಟ್ಟಡವನ್ನೊಮ್ಮೆ ನೋಡಿ. ಇನ್ನು ನಾಲ್ಕು ಮನೆಗಳ ಕಿಟಕಿ ಬದಲಾಗಿದ್ದರೆ ಅವುಗಳ ಫೋಟೊ ತೆಗೆದು ಅರ್ಜಿಗೆ ಲಗತ್ತಿಸಿ. ಅವರಿಗೆ ಸಿಕ್ಕಿದ್ದು ನಿಮಗೆ ಸಿಗದಿದ್ದರೆ ಆಗ ನಿಮ್ಮ ಕೈಯಲ್ಲಿ ಮಾತಿಗೆ ಆಧಾರವಿರುತ್ತದೆ. ಯಾರಿಗೂ ಕೊಟ್ಟಿಲ್ಲವೆಂದರೆ ಮನಸ್ಸಿನ ಒಂದು ಭಾರ ಇಳಿಯಿತು. ನಿಮ್ಮ ಪತ್ರ ಓದಿದರೆ, ಕಾರ್ಯದರ್ಶಿ ಬಂದದ್ದು ಕಿಟಕಿ ಕಿತ್ತ ಮೇಲೆ. ಅದಕ್ಕೆ ಮೊದಲು ಅವರಿಗೆ ಯಾರೂ ತಿಳಿಸಿರಲಿಲ್ಲ. ಅಷ್ಟರಿಂದ ಅವರ ಮನಸ್ಸನ್ನು ಅಳೆಯುವುದು ಬೇಡ.

ಅರ್ಜಿ ಒಂದು ಪುಟ ಸಾಕು. ಕನ್ನಡದಲ್ಲೇ ಬರೆಯಿರಿ, ಮನೆ ನಿಮ್ಮ ಹೆಸರಿನಲ್ಲಿರುವುದರಿಂದ ಸಹಿಯೂ ನಿಮ್ಮದೇ ಇರಲಿ. ಯಾವ ಕೋಣೆಯ ಯಾವ ಕಿಟಕಿ, ಈಗಿನ ಅಳತೆ ಎಷ್ಟು, ಹೊಸದರ ಅಳತೆ ಎಷ್ಟು, ಚೌಕಟ್ಟಿನ ಹೊರಗಿನ ಬಣ್ಣ ಯಾವುದು, ಗಾಜು ಎಂಥದ್ದು ಎಂಬುದು ಸ್ಪಷ್ಟವಾಗಿರಲಿ. ಗೋಡೆ ಒಡೆಯುವುದಿಲ್ಲ, ಇದ್ದ ಜಾಗದಲ್ಲೇ ಕೂರಿಸುತ್ತೇವೆ ಎಂಬ ಸಾಲನ್ನು ಮರೆಯದೆ ಸೇರಿಸಿ, ಅವರಿಗೆ ಬೇಕಾದ ಭರವಸೆ ಅದೇ. ಕಿಟಕಿ ಅಗಲ ಮಾಡಲು ಹೊರಟರೆ ಮೇಲಿನ ಲಿಂಟಲ್‌ಗೆ ಪೆಟ್ಟಾಗುತ್ತದೆ. ಇತ್ತೀಚಿನ ಕೆಲವು ಕಟ್ಟಡಗಳಲ್ಲಿ ಇಟ್ಟಿಗೆಯೇ ಇರುವುದಿಲ್ಲ, ಗೋಡೆಗಳೆಲ್ಲ ಕಾಂಕ್ರೀಟಿನವು, ಮೇಲಿನ ಮಹಡಿಗಳ ಭಾರ ಅವುಗಳ ಮೇಲೆಯೇ ಇರುತ್ತದೆ. ಅಲ್ಲಿ ಉಳಿಯ ಏಟು ಕೂಡ ಹಾಕುವಂತಿಲ್ಲ. ಕೆಲಸದ ದಿನ, ಹೊತ್ತು, ಕಸ ಸಾಗಿಸುವ ವ್ಯವಸ್ಥೆ, ಹೊರಗೆ ನೇತಾಡಿ ಕೆಲಸ ಮಾಡುವವರಿಗೆ ಸೊಂಟದ ಬೆಲ್ಟು ಇವನ್ನೂ ಬರೆಯಿರಿ. ಅಂಗಡಿಯವರಿಂದ ಚೌಕಟ್ಟಿನ ಒಂದು ತುಂಡು, ಗಾಜಿನ ಒಂದು ತುಂಡು ತಂದು ತೋರಿಸಿದರೆ ಹತ್ತು ಮಾತಿನ ಕೆಲಸ ಅದೊಂದೇ ಮಾಡುತ್ತದೆ. ಎರಡು ಪ್ರತಿ ಮಾಡಿ ಒಂದರ ಮೇಲೆ ದಿನಾಂಕದೊಂದಿಗೆ ಸ್ವೀಕೃತಿಯ ಸಹಿ ಹಾಕಿಸಿಕೊಳ್ಳಿ. ಮೂವತ್ತು ದಿನದ ಲೆಕ್ಕ ಅಲ್ಲಿಂದ ಶುರು. ಬಾಯಿಮಾತಿನ "ಆಯ್ತು ಮಾಡ್ಕೊಳ್ಳಿ" ನಂಬಿ ಮುಂಗಡ ಕೊಡಬೇಡಿ, ಬರುವ ವರ್ಷ ಕಾರ್ಯದರ್ಶಿ ಬದಲಾಗುತ್ತಾರೆ.

ಅವರ ಆಕ್ಷೇಪದಲ್ಲಿ ಒಂದು ಸರಿಯಾಗಿಯೂ ಇರಬಹುದು. ಬಾಗಿಲಿನಂತೆ ಹೊರಕ್ಕೆ ತೆರೆಯುವ ಕಿಟಕಿ ಓಡಾಡುವ ಪಡಸಾಲೆಯ ಕಡೆಗಿದ್ದರೆ ಜನರ ತಲೆಗೆ ಬಡಿಯುತ್ತದೆ. ನಿಮ್ಮ ಅಡುಗೆಮನೆ ಕಿಟಕಿ ಯಾವ ಕಡೆಗಿದೆ ಎಂದು ಪತ್ರದಲ್ಲಿ ಬರೆದಿಲ್ಲ. ಪಡಸಾಲೆಯ ಕಡೆಗಿದ್ದರೆ ಒಳಕ್ಕೆ ತೆರೆಯುವಂಥದ್ದನ್ನೋ ಒಳ್ಳೆಯ ಸ್ಲೈಡಿಂಗನ್ನೋ ಒಪ್ಪಿಕೊಳ್ಳಿ. ಸ್ಲೈಡಿಂಗ್ ಅರ್ಧ ಮಾತ್ರ ತೆರೆಯುತ್ತದೆ ಎಂಬುದೊಂದು ಕೊರತೆ. ಮಳೆನೀರು ಒಳಗೆ ಬರುವುದಕ್ಕೆ ಕಿಟಕಿಯೇ ಕಾರಣವೆಂದೂ ಇಲ್ಲ. ಕೆಳಗಿನ ಹಳಿಯಲ್ಲಿ ನೀರು ಹೊರಹೋಗುವ ಸಣ್ಣ ತೂತುಗಳು ಧೂಳಿನಿಂದ ಮುಚ್ಚಿದ್ದರೆ, ಚೌಕಟ್ಟಿನ ಸುತ್ತ ಸಿಲಿಕೋನ್ ಬಿರಿದಿದ್ದರೆ, ಕೆಳಗಿನ ಕಲ್ಲು ಒಳಕ್ಕೆ ವಾಲಿದ್ದರೆ ಎಷ್ಟು ದುಬಾರಿ ಕಿಟಕಿ ಹಾಕಿದರೂ ನೀರು ಬರುತ್ತದೆ. ಮೊದಲು ಇವನ್ನು ನೋಡಿಸಿ. ಇದಕ್ಕೆ ಯಾರ ಅನುಮತಿಯೂ ಬೇಡ. ಮಸುಕು ಗಾಜಿನ ಬದಲು ಒಳಗಿನಿಂದ ಅಂಟಿಸುವ ಮಸುಕು ಹಾಳೆಯೂ ಸಿಗುತ್ತದೆ, ಖರ್ಚು ಕಡಿಮೆ. ಕನ್ನಡಿಯಂತೆ ಹೊಳೆಯುವ ಹಾಳೆಯನ್ನು ಮಾತ್ರ ನಂಬಬೇಡಿ. ಹಗಲು ಹೊರಗಿನವರಿಗೆ ಒಳಗೆ ಕಾಣುವುದಿಲ್ಲ ನಿಜ, ಆದರೆ ರಾತ್ರಿ ನೀವು ದೀಪ ಹಾಕಿದ ಕೂಡಲೇ ಲೆಕ್ಕ ತಿರುಗಿ ನೀವೇ ಹೊರಗಿನವರಿಗೆ ಕಾಣುತ್ತೀರಿ.

ಹೊಸದಾಗಿ ಫ್ಲ್ಯಾಟ್ ಕೊಂಡವರು ಇನ್ನೊಂದು ಗಮನಿಸಬೇಕು. 2016ರ ರೇರಾ ಕಾಯ್ದೆಯಡಿ ನೋಂದಣಿಯಾದ ಕಟ್ಟಡವಾಗಿದ್ದರೆ, ಮನೆ ಕೈಗೆ ಬಂದ ಐದು ವರ್ಷಗಳೊಳಗೆ ಕಾಣಿಸುವ ಕಳಪೆ ಕೆಲಸವನ್ನು ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು, ತಿಳಿಸಿದ ಮೂವತ್ತು ದಿನಗಳೊಳಗೆ. ಚನ್ನಗಿರಿಯ ಸಹೋದರಿಗೆ ಆ ಗಡುವು ದಾಟಿದೆ. ನಿಮಗೆ ದಾಟಿರದಿದ್ದರೆ ಈ ಮಳೆಗಾಲದಲ್ಲೇ ಸೋರುವ ಕಿಟಕಿಯ ಫೋಟೊ ತೆಗೆದು ಬಿಲ್ಡರ್‌ಗೆ ಬರೆಯಿರಿ.

ಅಸೋಸಿಯೇಶನ್ ಸಭೆಯ ಬಗ್ಗೆ ಒಂದು ಮಾತು. ಮನೆ ಹೆಂಗಸರ ಹೆಸರಿನಲ್ಲಿ, ಸಭೆಗೆ ಹೋಗುವವರು ಮಾತ್ರ ಗಂಡಸರು. ಮನೆಯೊಳಗೆ ದಿನವಿಡೀ ಇರುವವರು, ಕಿಟಕಿಯ ಕಷ್ಟ ಬಲ್ಲವರು ನೀವು. ಯಜಮಾನರು ಸಿಟ್ಟಿನಲ್ಲಿ ಹೋಗಿ ಕಾರ್ಯದರ್ಶಿಯೊಡನೆ ವಾದಕ್ಕಿಳಿಯುವುದಕ್ಕಿಂತ, ನೀವು ಇನ್ನಿಬ್ಬರು ನೆರೆಯ ಹೆಂಗಸರ ಜೊತೆ ಹೋಗಿ ಮಗಳ ಉಬ್ಬಸದ ವಿಷಯ ಹೇಳುವುದು ಫಲ ಕೊಟ್ಟೀತು. ವೈದ್ಯರ ಚೀಟಿಯ ಪ್ರತಿ ಜೊತೆಗಿರಲಿ.

ಹೊನ್ನಾಳಿಯ ಪತ್ರ ಇದರ ಇನ್ನೊಂದು ಮಗ್ಗುಲು. ಅಲ್ಲಿ ಅಸೋಸಿಯೇಶನ್ ಇಲ್ಲ, ಪಕ್ಕದ ಮನೆಯ ಹಿರಿಯರಿದ್ದಾರೆ. ಸಹೋದರಿಯ ಮನೆಯಲ್ಲಿ ಹಿಂದಿನ ಕೋಣೆಗೆ ಕಿಟಕಿಯೇ ಇಲ್ಲ, ಮಾಡಿಸಲು ಹೊರಟರೆ ಪಕ್ಕದ ಖಾಲಿ ಜಾಗದವರು ಬಿಡುತ್ತಿಲ್ಲ. "ನಾವೇನು ಅವರ ಜಾಗ ಕೇಳಿದೆವೇ?" ಎಂದು ಅವರ ಪ್ರಶ್ನೆ. ನಿಜ, ಜಾಗ ಕೇಳಿಲ್ಲ. ಆದರೆ 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ಒಂದು ಕಿಟಕಿಯಿಂದ ಇಪ್ಪತ್ತು ವರ್ಷ ತಡೆಯಿಲ್ಲದೆ ಬೆಳಕು ಗಾಳಿ ಪಡೆದರೆ ಅದು ಹಕ್ಕಾಗಿಬಿಡುತ್ತದೆ. ಆಮೇಲೆ ಅವರ ಮಕ್ಕಳು ಅಲ್ಲಿ ಮನೆ ಕಟ್ಟಿ ಆ ಬೆಳಕನ್ನು ಮುಚ್ಚಲು ಹೋದರೆ ತಕರಾರು. ಹಿರಿಯರ ಹೆದರಿಕೆ ಇದು, ಹಟವಲ್ಲ. ಇದಕ್ಕೆ ಕಾಯ್ದೆಯಲ್ಲೇ ಮದ್ದಿದೆ. "ಈ ಕಿಟಕಿ ನಿಮ್ಮ ಒಪ್ಪಿಗೆಯಿಂದ ಇಟ್ಟದ್ದು, ನಾಳೆ ನೀವು ಕಟ್ಟುವಾಗ ಹಕ್ಕು ಸಾಧಿಸುವುದಿಲ್ಲ" ಎಂದು ಒಪ್ಪಂದ ಪತ್ರ ಬರೆದುಕೊಟ್ಟರೆ ಇಪ್ಪತ್ತು ವರ್ಷದ ಲೆಕ್ಕ ಅನ್ವಯಿಸುವುದಿಲ್ಲ. ಪತ್ರವನ್ನು ವಕೀಲರಿಂದ ಬರೆಸಿ, ಸಾಕ್ಷಿ ಹಾಕಿಸಿ ಕೊಡಿ. ಗೋಡೆ ಗಡಿಗೆ ಅಂಟಿಕೊಂಡಿದ್ದರೆ ಪಟ್ಟಣದ ಕಟ್ಟಡ ನಿಯಮಗಳನ್ನೂ ಕಚೇರಿಯಲ್ಲಿ ವಿಚಾರಿಸಿ. ಕಿಟಕಿ ಆಗದೇ ಹೋದರೆ ಮಾಡಿನಲ್ಲೊಂದು ಬೆಳಕಿಂಡಿ ಇದ್ದೇ ಇದೆ, ಅದು ಯಾರ ಅಂಗಳವನ್ನೂ ನೋಡುವುದಿಲ್ಲ.

ಜಗಳೂರಿನ ಸಹೋದರಿಯದ್ದು ಇದಕ್ಕೆ ತದ್ವಿರುದ್ಧ. ಪಕ್ಕದವರು ಮೇಲೊಂದು ಮಹಡಿ ಎತ್ತಿ ಇವರ ಬಚ್ಚಲು, ಅಂಗಳ ಕಾಣುವಂತೆ ಕಿಟಕಿ ಇಟ್ಟಿದ್ದಾರೆ. ಮೇಲೆ ಹೇಳಿದ ಈಸ್‌ಮೆಂಟ್ ಕಾಯ್ದೆಯಲ್ಲೇ, ಊರಿನ ರೂಢಿಯಿದ್ದರೆ ನೆರೆಯವರ ಮರೆ ಹಾಳಾಗುವಂತೆ ಹೊಸ ಕಿಟಕಿ ತೆರೆಯಬಾರದು ಎಂಬುದಕ್ಕೆ ಉದಾಹರಣೆ ಕೊಟ್ಟಿದ್ದಾರೆ. ಆದರೆ ಅಂಥ ರೂಢಿ ಇದೆಯೆಂದು ಸಾಬೀತುಪಡಿಸುವ ಭಾರ ನಿಮ್ಮದು, ಅದು ಸುಲಭವಲ್ಲ. ದಾವೆಗೆ ಮೊದಲು ಮಜಲ್ಲಾದ ದಾರಿ ಹಿಡಿಯಿರಿ. ಕಿಟಕಿ ಮುಚ್ಚಿ ಎನ್ನಬೇಡಿ, ಕೆಳಗಿನ ಅರ್ಧಕ್ಕೆ ಮಸುಕು ಗಾಜು ಹಾಕಿ ಎನ್ನಿ. ಅದರ ಖರ್ಚನ್ನು ನಾವೇ ಕೊಡುತ್ತೇವೆ ಎಂದರೂ ದಾವೆಯ ಖರ್ಚಿಗಿಂತ ಅಗ್ಗ! ಜಗಳೂರಿನ ಸೆಖೆಯಲ್ಲಿ ಅವರಿಗೂ ಗಾಳಿ ಬೇಕಲ್ಲವೇ? ಒಣ ಸೆಖೆಯ ಊರುಗಳಲ್ಲಿ ಕೋಣೆಯ ನೆಲದ ಹತ್ತನೇ ಒಂದು ಭಾಗದಷ್ಟಾದರೂ ಕಿಟಕಿ ಇರಬೇಕು, ತೇವದ ಸೆಖೆಯ ಕಡೆ ಆರನೇ ಒಂದು ಭಾಗ ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಹತ್ತು ಅಡಿಗೆ ಹನ್ನೆರಡು ಅಡಿಯ ಕೋಣೆಗೆ ಮೂರು ಅಡಿಗೆ ನಾಲ್ಕು ಅಡಿಯ ಒಂದು ಕಿಟಕಿ ಎಂದಾಯಿತು.

ನ್ಯಾಮತಿಯ ಸಹೋದರಿ ಬಾಡಿಗೆ ಮನೆಯಲ್ಲಿದ್ದಾರೆ. ಸಂಜೆಯಾದರೆ ಸೊಳ್ಳೆ, ಮಾಲೀಕರು ಚೌಕಟ್ಟಿಗೆ ಮೊಳೆ ಹೊಡೆಯಲು ಬಿಡುವುದಿಲ್ಲ. ಮೊಳೆ ಬೇಡ, ವೆಲ್ಕ್ರೋ ಪಟ್ಟಿಯಿಂದ ಅಂಟಿಸುವ ಜಾಲರಿ ಹಾಕಿಸಿ. ಒಗೆಯಲೂ ಬರುತ್ತದೆ, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಲೂ ಬರುತ್ತದೆ.

ಮಾತಿನಲ್ಲಿ ಬಗೆಹರಿಯದಿದ್ದರೆ ಹಣವಿಲ್ಲವೆಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಹೆಂಗಸರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ. ಚನ್ನಗಿರಿ, ಹೊನ್ನಾಳಿ, ಜಗಳೂರಿನ ನ್ಯಾಯಾಲಯಗಳಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಿ, ದಾವಣಗೆರೆಯಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ದಾವೆ ಹೂಡುವ ಮೊದಲೇ ಎರಡೂ ಕಡೆಯವರನ್ನು ಕರೆಸಿ ರಾಜಿ ಮಾಡಿಸುವ ವ್ಯವಸ್ಥೆಯೂ ಅಲ್ಲಿದೆ.

ಚನ್ನಗಿರಿಯ ಸಹೋದರಿಗೆ ಇನ್ನೊಂದೇ ಮಾತು. ಹೊಸ ಕಿಟಕಿಗೆ ಗ್ರಿಲ್ ಹಾಕಿಸುವಾಗ ಎಲ್ಲವನ್ನೂ ಬೆಸುಗೆ ಹಾಕಿಸಿ ಮುಚ್ಚಬೇಡಿ. ಬೆಂಕಿ ಬಿದ್ದ ದಿನ ಬಾಗಿಲಿನ ಕಡೆ ಹೊಗೆ ತುಂಬಿದರೆ ಹೊರಬರಲು ದಾರಿ ಅದೊಂದೇ. ಮಗಳ ಕೋಣೆಯ ಗ್ರಿಲ್‌ನಲ್ಲಿ ಒಬ್ಬರು ನುಸುಳುವಷ್ಟು ಭಾಗ ತೆರೆಯುವಂತಿರಲಿ, ಅದಕ್ಕೆ ಬೀಗ ಹಾಕಿ, ಕೀಲಿಯನ್ನು ಕಿಟಕಿಯ ಹತ್ತಿರವೇ ಹೊರಗಿನವರ ಕೈಗೆ ಸಿಗದಂತೆ ಮೊಳೆಗೆ ತೂಗುಹಾಕಿ, ಆ ಮೊಳೆ ಎಲ್ಲಿದೆಯೆಂದು ಮಗಳಿಗೆ ತೋರಿಸಿಡಿ.